ಬೀದಿಯಲ್ಲಿ ಲೋಟ ಹಿಡಿದು ಓಡಾಡಬಹುದಾ? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಅಮೆರಿಕದ ಒಹಾಯೋ ರಾಜ್ಯದ ಒಂದು ಚಿಕ್ಕ ಊರಲ್ಲಿದ್ದೇವೆ. ಮೇನ್ ಸ್ಟ್ರೀಟ್ ಮನೆಯಿಂದ ಎರಡೇ ಬ್ಲಾಕ್. ಈ ಬೇಸಿಗೆಯಲ್ಲಿ ನಮ್ಮ ಕೌನ್ಸಿಲ್ 'ಡೋರಾ' ಅನ್ನೋದಕ್ಕೆ ಒಪ್ಪಿಗೆ ಕೊಟ್ಟಿತು. ಬಾರಿನಲ್ಲಿ ಬಿಯರ್ ತಗೊಂಡು ರಸ್ತೆಯಲ್ಲೇ ಕುಡಿಯುತ್ತಾ ಓಡಾಡಬಹುದಂತೆ. ಕೆಲವರು ಸಹಿ ಸಂಗ್ರಹಿಸಿ ಅದನ್ನು ನವೆಂಬರ್ ಚುನಾವಣೆಯ ಬ್ಯಾಲೆಟ್‌ಗೆ ಎಳೆದು ತಂದಿದ್ದಾರೆ. ಬಲಗಡೆ ಮನೆಯವರ ಅಂಗಳದಲ್ಲಿ 'ಯೆಸ್' ಬೋರ್ಡು, ಎಡಗಡೆಯವರ ಅಂಗಳದಲ್ಲಿ 'ನೋ' ಬೋರ್ಡು. ಇಬ್ಬರೂ ನಮಗೆ ಒಂದೊಂದು ಕೊಟ್ಟಿದ್ದಾರೆ, ಎರಡೂ ಗರಾಜಿನಲ್ಲಿವೆ. ನಾನು ಮಾರ್ಚ್‌ನಲ್ಲಿ ಸಿಟಿಜನ್ ಆದೆ. ಇದು ನನ್ನ ಮೊದಲ ಮತ. ಮನೆಯವರದು ಇನ್ನೂ ಗ್ರೀನ್ ಕಾರ್ಡ್. 'ಕುಡಿತಕ್ಕೆ ನಾವ್ಯಾಕೆ ಬೆಂಬಲ ಕೊಡಬೇಕು' ಅಂತಾರೆ ಅವರು. ಒಂಬತ್ತು ವರ್ಷದ ಮಗಳಿದ್ದಾಳೆ. ಯಾವುದಕ್ಕೆ ಮತ ಹಾಕಲಿ?

ಉತ್ತರ: ನಮ್ಮೂರಲ್ಲಿ ಇದು ಆಗಿ ಆರು ವರ್ಷವಾಯಿತು. ಆಗ ನಮ್ಮ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ದೀಪದ ಕಂಬಕ್ಕೆ ಹಾಕಿದ್ದ ಬೋರ್ಡನ್ನು ಕನ್ನಡಕ ಸರಿಮಾಡಿಕೊಂಡು ಅಕ್ಷರ ಅಕ್ಷರ ಓದಿದರು. 'ಡೆಸಿಗ್ನೇಟೆಡ್ ಔಟ್‌ಡೋರ್ ರಿಫ್ರೆಶ್‌ಮೆಂಟ್ ಏರಿಯಾ.' ಆಮೇಲೆ ನನ್ನ ಕಡೆ ತಿರುಗಿ, 'ರಿಫ್ರೆಶ್‌ಮೆಂಟ್ ಅಂದ್ರೆ ಕಾಫಿ ತಿಂಡಿ ಅಲ್ವೇನೇ? ಇಲ್ಲೇ ಕೂತ್ಕೊಳ್ಳೋಣ, ಕೊಡ್ತಾರೇನೋ' ಅಂದರು. ಅವತ್ತು ನಕ್ಕಷ್ಟು ನಾನು ಆ ಬೀದಿಯಲ್ಲಿ ಮತ್ತೆ ನಕ್ಕಿಲ್ಲ.

ಆ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳೇ 'ಡೋರಾ'. ಹೆಸರಲ್ಲೇ ಇದೆ ನೋಡಿ ಜಾಣತನ. ಕುಡಿತ ಅನ್ನೋ ಮಾತೇ ಇಲ್ಲ. ಆದರೆ 'ಕುಡಿತ ಒಳ್ಳೆಯದಾ ಕೆಟ್ಟದ್ದಾ' ಅನ್ನೋ ಪ್ರಶ್ನೆ ಆ ಬ್ಯಾಲೆಟ್‌ನಲ್ಲೂ ಇರೋದಿಲ್ಲ. ನಿಮ್ಮ ಮೇನ್ ಸ್ಟ್ರೀಟ್‌ನ ಬಾರುಗಳಿಗೆ ಲೈಸೆನ್ಸ್ ಈಗಲೂ ಇದೆ, ನೀವು 'ನೋ' ಅಂದರೂ ಇರುತ್ತದೆ. ಕೇಳುತ್ತಿರೋದು ಇಷ್ಟೇ: ಬಾರಿನ ಬಾಗಿಲಿಂದ ಆಚೆ, ಎಲ್ಲಿಯವರೆಗೆ, ಎಷ್ಟು ಹೊತ್ತಿನವರೆಗೆ ಆ ಲೋಟ ಹೋಗಬಹುದು? ನಿಮ್ಮ ಮನೆಯವರಿಗೆ ಇದನ್ನು ಮೊದಲು ಹೇಳಿ. ನಮ್ಮ ಮನೆಯಲ್ಲಿ ಇದೇ ಜಗಳ ಮೂರು ವಾರ ನಡೆದಿತ್ತು, ಅದಕ್ಕೇ ಹೇಳ್ತಿದ್ದೇನೆ.

ಈ ಡೋರಾ ಕಾನೂನು ಒಹಾಯೋಗೆ ಬಂದಿದ್ದು 2015ರಲ್ಲಿ. ಅದಕ್ಕೂ ಮುಂಚೆ ತೆರೆದ ಬಿಯರ್ ಹಿಡಿದು ಫುಟ್‌ಪಾತಿಗೆ ಕಾಲಿಟ್ಟರೆ ದಂಡ. ಈಗಲೂ ಡೋರಾ ಗಡಿಯ ಆಚೆ ಅದೇ ನಿಯಮ. ಆಮೇಲೆ ಕೊರೋನಾ ಬಂತು, ಒಳಗೆ ಕೂರೋಕೆ ಜನ ಹೆದರಿದರು, ಹೋಟೆಲ್‌ನವರು ಬೀದಿಗೆ ಬಂದರು. ಮಿಷಿಗನ್ 2020ರಲ್ಲಿ, ನಾರ್ತ್ ಕ್ಯಾರೊಲೈನಾ 2021ರಲ್ಲಿ ಇಂಥದ್ದೇ ಕಾನೂನು ಮಾಡಿದವು. ಅಲ್ಲಿ ಇದಕ್ಕೆ 'ಸೋಶಿಯಲ್ ಡಿಸ್ಟ್ರಿಕ್ಟ್' ಅಂತಾರೆ. ನ್ಯೂ ಆರ್ಲಿಯನ್ಸ್, ಸವಾನಾದಲ್ಲಿ ಮೊದಲಿಂದಲೂ ಲೋಟ ಹಿಡಿದು ಓಡಾಡೋ ರೂಢಿ ಇದೆ, ಆದರೆ ಅಲ್ಲಿಗೂ ನಿಮ್ಮೂರಿಗೂ ಹೋಲಿಕೆ ಬೇಡ. ನಿಮ್ಮ ಎಡಗಡೆಯವರು ನ್ಯೂ ಆರ್ಲಿಯನ್ಸ್‌ನ ಬೂರ್ಬನ್ ಸ್ಟ್ರೀಟ್ ಫೋಟೋ ತೋರಿಸಿ ಹೆದರಿಸ್ತಾರೆ. ನನಗೂ ತೋರಿಸಿದ್ದರು.

ಹೇಗೆ ನಡೆಯುತ್ತೆ ಅಂದರೆ: ಗಡಿಯೊಳಗೆ, ಈ ಏರ್ಪಾಟಿಗೆ ಸೇರಿಕೊಂಡಿರೋ ಬಾರು, ಹೋಟೆಲುಗಳಲ್ಲಿ ಮಾತ್ರ ಕೊಳ್ಳಬೇಕು. ಡೋರಾ ಗುರುತಿರೋ ಪ್ಲಾಸ್ಟಿಕ್ ಲೋಟದಲ್ಲೇ ಕೊಡ್ತಾರೆ, ಗಾಜು ಇಲ್ಲ. ಮನೆಯಿಂದ ಕ್ಯಾನ್ ತರುವಂತಿಲ್ಲ. ಒಂದು ಬಾರಿನ ಲೋಟ ಹಿಡಿದು ಇನ್ನೊಂದು ಬಾರಿಗೆ ಹೋಗುವಂತಿಲ್ಲ, ಮುಗಿಸಿ ಬಿಸಾಕಿ ಹೋಗಬೇಕು. ಪುಸ್ತಕದಂಗಡಿ, ಬಟ್ಟೆಯಂಗಡಿಯವರು ಒಪ್ಪಿದರೆ ಒಳಗೂ ತಗೊಂಡು ಹೋಗಬಹುದು. ಒಪ್ಪದಿದ್ದವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸ್ತಾರೆ. ವಯಸ್ಸು ಇಪ್ಪತ್ತೊಂದು, ಅದರಲ್ಲಿ ರಿಯಾಯಿತಿ ಇಲ್ಲ. ಕಾರಿಗಂತೂ ಹತ್ತಿಸಲೇಬಾರದು. ನಿಮ್ಮ ಮಗಳು ಆ ಬೀದಿಯಲ್ಲಿ ಧಾರಾಳವಾಗಿ ಓಡಾಡಬಹುದು, ಐಸ್‌ಕ್ರೀಮ್ ತಿನ್ನಬಹುದು. ಅದು ಬಾರ್ ಆಗಿಬಿಡೋದಿಲ್ಲ.

ಈಗ ನನ್ನ ಕಥೆ. ನಾನು 'ನೋ' ಹಾಕಿದವಳು. ಸೋತೆ.

ನನ್ನ ಭಯ ಏನಿತ್ತು? ಗಲಾಟೆ. ರಾತ್ರಿ ಹೊತ್ತು ಕಿರುಚಾಟ, ಹೊಡೆದಾಟ, ಪೊಲೀಸ್ ಸೈರನ್. ನಮ್ಮ ಮನೆ ಗಡಿಯಿಂದ ನಾಲ್ಕು ಮನೆ ಆಚೆ. ಮೊದಲ ಬೇಸಿಗೆಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಕಿಟಕಿ ತೆಗೆದಿಟ್ಟು ಕಾದೆ, ಯಾವಾಗ ಗಲಾಟೆ ಆಗುತ್ತೆ ಅಂತ. ದೂರು ಕೊಡೋಕೆ ನೋಟ್‌ಬುಕ್ ಬೇರೆ ಇಟ್ಕೊಂಡಿದ್ದೆ! ಬಂದಿದ್ದೆಲ್ಲ ಗಿಟಾರ್ ಸದ್ದು, ಅದೂ ಹತ್ತು ಗಂಟೆಗೆ ಬಂದ್. ಆ ನೋಟ್‌ಬುಕ್‌ನಲ್ಲಿ ಈಗ ಸಾಂಬಾರು ಪುಡಿ ಲೆಕ್ಕ ಇದೆ.

ಆದರೆ ನಾನು ಯೋಚನೆ ಮಾಡದೇ ಇದ್ದ ಕಡೆಯಿಂದ ತೊಂದರೆ ಬಂತು. ಶನಿವಾರ ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಪಕ್ಕದ ಹೂವಿನ ಕುಂಡದಲ್ಲಿ ಲೋಟ. ಚೆಂಡು ಹೂವಿನ ಗಿಡದ ಬುಡದಲ್ಲಿ ಒಂದರೊಳಗೆ ಒಂದು ಸಿಕ್ಕಿಸಿ, ನೀಟಾಗಿ ನಿಲ್ಲಿಸಿದ್ದರು. ಬಿಸಾಕಿದ್ದಲ್ಲ ಕಣ್ರೀ, ಇಟ್ಟು ಹೋಗಿದ್ದು. ಒಂದರ ತಳದಲ್ಲಿ ಒಂದು ಗುಟುಕು ಬಿಯರ್, ಅದರಲ್ಲಿ ಸತ್ತ ಜೇನುನೊಣ. ಯಾಕೆ ಹೀಗೆ ಅಂತ ಒಂದು ಸಂಜೆ ಹೋಗಿ ನೋಡಿದೆ. ಗಡಿ ಮುಗಿಯೋ ಕಂಬದ ಹತ್ತಿರ ಕಸದ ಡಬ್ಬಿಯೇ ಇಲ್ಲ! 'ಇಲ್ಲಿಂದಾಚೆ ಲೋಟ ಬೇಡ' ಅಂತ ಬೋರ್ಡು ಇದೆ, ಲೋಟ ಎಲ್ಲಿ ಹಾಕಬೇಕು ಅಂತ ಇಲ್ಲ. ಹಿಂದಿನ ಡಬ್ಬಿ ಅರ್ಧ ಬ್ಲಾಕ್ ಹಿಂದೆ. ಅಷ್ಟು ದೂರ ವಾಪಸ್ ಯಾರು ನಡೀತಾರೆ? ಮುಂದೆ ನಡೆದು ಬಂದು, ಮೊದಲು ಕಾಣೋ ಕುಂಡದಲ್ಲಿ ಇಡ್ತಾರೆ. ಮೊದಲು ಕಾಣೋದು ನಮ್ಮದು.

ಇನ್ನೊಂದು ಶೌಚಾಲಯ. ಬಾರಿನ ಒಳಗೆ ಕೂತು ಕುಡಿದವರು ಬಾರಿನದ್ದನ್ನೇ ಬಳಸ್ತಾರೆ. ಬೀದಿಯಲ್ಲಿ ಕುಡಿದವರು? ಪಕ್ಕದ ಗಲ್ಲಿ. ಇದರ ಬಗ್ಗೆ ಜಾಸ್ತಿ ಬರೆಯೋದು ಬೇಡ, ಬೇಸಿಗೆಯಲ್ಲಿ ಆ ಗಲ್ಲಿ ಹಾದವರಿಗೆ ಗೊತ್ತು.

ಅದಕ್ಕೇ ಹೇಳೋದು, ಬೋರ್ಡುಗಳನ್ನು ಗರಾಜಿನಲ್ಲೇ ಇರಲು ಬಿಡಿ. ಕೌನ್ಸಿಲ್ ಪಾಸ್ ಮಾಡಿದ ಆರ್ಡಿನೆನ್ಸ್, ಅಂದರೆ ಊರಿನ ಕಾನೂನು, ತರಿಸಿಕೊಂಡು ಓದಿ. ಸಿಟಿ ಕಚೇರಿಯಲ್ಲಿ ಕೇಳಿದರೆ ಕೊಡಬೇಕು, ಸಾಮಾನ್ಯವಾಗಿ ಅವರ ವೆಬ್‌ಸೈಟ್‌ನಲ್ಲೇ ಇರುತ್ತೆ. ಡೋರಾ ಮಾಡೋ ಊರು ಕೆಲವು ಸಂಗತಿಗಳನ್ನು ಅದರಲ್ಲಿ ಬರೆಯಲೇಬೇಕು ಅಂತ ಕಾನೂನು ಹೇಳುತ್ತೆ: ಗಡಿ ಎಲ್ಲಿಂದ ಎಲ್ಲಿಗೆ, ಬೋರ್ಡು ಎಷ್ಟು, ಎಷ್ಟು ದೂರಕ್ಕೊಂದು, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಕಾವಲಿಗೆ ಎಷ್ಟು ಜನ, ಸ್ವಚ್ಛತೆಗೆ ಏನು ಯೋಜನೆ, ಅದಕ್ಕೆ ಎಷ್ಟು ಜನ. ನಮ್ಮೂರಿನದರಲ್ಲಿ ಸ್ವಚ್ಛತೆಯ ಭಾಗ ಮೂರು ಸಾಲು ಇತ್ತು. ನಾನು ಮತ ಹಾಕೋ ಮುಂಚೆ ಅದನ್ನು ಓದಿರಲಿಲ್ಲ, 'ಕುಡಿತ' 'ಕುಡಿತ' ಅಂತ ಮನೆಯಲ್ಲಿ ವಾದ ಮಾಡ್ತಿದ್ದೆ. ಆ ಮೂರು ಸಾಲು ಓದಿದ್ದರೆ ಹೂವಿನ ಕುಂಡ ಉಳೀತಿತ್ತು.

ಮ್ಯಾಪ್ ಪ್ರಿಂಟ್ ತೆಗೆದುಕೊಂಡು ಒಂದು ಸಲ ಆ ಗಡಿಯುದ್ದಕ್ಕೂ ನಡೆಯಿರಿ. ಮಗಳನ್ನೂ ಕರ್ಕೊಂಡು ಹೋಗಿ. ಲೈಬ್ರರಿ ಒಳಗೆ ಬರುತ್ತಾ? ಆಟದ ಮೈದಾನ? ಸ್ಕೂಲ್ ಬಸ್ ನಿಲ್ಲೋ ಮೂಲೆ? ಕೊನೇ ಬೋರ್ಡು ಯಾರ ಮನೆ ಮುಂದೆ ನಿಲ್ಲುತ್ತೆ? ನಮ್ಮೂರಿನ ಮೊದಲ ಮ್ಯಾಪಿನಲ್ಲಿ ಗೆರೆ ಲೈಬ್ರರಿ ಹುಲ್ಲುಹಾಸನ್ನು ಸೇರಿಸಿಕೊಂಡಿತ್ತು. ಶನಿವಾರ ಅಲ್ಲಿ ಮಕ್ಕಳಿಗೆ ಕಥೆ ಹೇಳ್ತಾರೆ. ಆಗ ಕೌನ್ಸಿಲ್ ಮೀಟಿಂಗ್‌ಗೆ ಹೋಗಿ ಮಾತಾಡಿದ್ದು ನಾವು ಐದು ಜನ ಹೆಂಗಸರು. ಒಬ್ಬೊಬ್ಬರಿಗೆ ಮೂರು ನಿಮಿಷ. ನನಗೆ ಕೈ ನಡುಗಿ ಕಾಗದ ಸದ್ದು ಮಾಡ್ತಿತ್ತು, ಮೈಕಿನಲ್ಲಿ ಅದೇ ಕೇಳಿಸ್ತಿತ್ತಂತೆ. ಆದರೂ ಗೆರೆ ರಸ್ತೆಯ ಆಚೆ ಫುಟ್‌ಪಾತಿಗೆ ಸರಿಯಿತು. ನನ್ನ ಮತದಿಂದ ಆಗದ ಕೆಲಸ ಆ ಮೂರು ನಿಮಿಷದಿಂದ ಆಯಿತು.

ಡಬ್ಬಿಯ ವಿಷಯಕ್ಕೆ ಐದು ವರ್ಷ ಕಾಯಬೇಕಾಯಿತು. ಡೋರಾ ಶುರುವಾಗಿ ಐದು ವರ್ಷಕ್ಕೆ ಕೌನ್ಸಿಲ್ ಅದನ್ನು ಮತ್ತೆ ಪರಿಶೀಲಿಸಿ, ಮುಂದುವರಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಕು. ಕಳೆದ ವರ್ಷ ನಮ್ಮಲ್ಲಿ ಅದು ಬಂತು. ಒಂದು ಚೀಲದ ತುಂಬ ಲೋಟ ತಗೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಸ್ವಲ್ಪ ನಾಟಕ ಆಯಿತು, ಒಪ್ಕೋತೀನಿ. ಈಗ ಪ್ರತಿ ಗಡಿ ಬೋರ್ಡಿನ ಕೆಳಗೂ ಡಬ್ಬಿ ಇದೆ.

ಇನ್ನು ಮತದ ದಿನದ ವಿಷಯ. ಇಲ್ಲಿ ಒಂದು ಗೊಂದಲ ಇದೆ, ಅದರಲ್ಲಿ ಬೀಳಬೇಡಿ. ಸಹಿ ಸಂಗ್ರಹ ಮಾಡಿದವರು ಡೋರಾ ಬೇಡ ಅನ್ನೋರು. ಆದರೆ ಬ್ಯಾಲೆಟ್ ಕೇಳೋದು 'ಈ ಆರ್ಡಿನೆನ್ಸ್‌ಗೆ ಒಪ್ಪಿಗೆ ಇದೆಯಾ' ಅಂತ. 'ಯೆಸ್' ಅಂದರೆ ಡೋರಾ ಬೇಕು, 'ನೋ' ಅಂದರೆ ಬೇಡ. 'ನಾನು ಪಿಟಿಷನ್ನಿಗೆ ಸಹಿ ಹಾಕಿದ್ದೆ, ಪಿಟಿಷನ್ನಿಗೆ ಯೆಸ್' ಅಂತ ಲೆಕ್ಕ ಹಾಕಿ ಉಲ್ಟಾ ಒತ್ತಿ ಬರೋರು ಇದ್ದಾರೆ. 2011ರ ನವೆಂಬರ್‌ನಲ್ಲಿ ನಾನು ಮೊದಲ ಸಲ ಬೂತ್ ಕೆಲಸಕ್ಕೆ ಕೂತಿದ್ದೆ. ಸರ್ಕಾರಿ ನೌಕರರ ಯೂನಿಯನ್‌ಗಳ ಹಕ್ಕು ಕಡಿಮೆ ಮಾಡೋ ಕಾನೂನು ಅವತ್ತು ಬ್ಯಾಲೆಟ್‌ನಲ್ಲಿತ್ತು. ಅದೂ ಹೀಗೇ ಸಹಿ ಸಂಗ್ರಹದಿಂದ ಬಂದಿದ್ದು. ಒಬ್ಬರು ವಯಸ್ಸಾದವರು ಬಂದು, 'ಆ ಕಾನೂನು ಬೇಡ ಅಂದ್ರೆ ಯೆಸ್ಸಾ ನೋನಾ ಅಮ್ಮಾ' ಅಂತ ಕೇಳಿದರು. ಬೂತ್‌ನಲ್ಲಿರೋರು ಹೀಗೆ ಹಾಕಿ, ಹಾಗೆ ಹಾಕಿ ಅನ್ನುವಂತಿಲ್ಲ. ಗೋಡೆಯ ಮೇಲಿದ್ದ ಪ್ರಶ್ನೆಯ ಕಡೆ ಬೆರಳು ತೋರಿಸಿದೆ. ಅವರು ನಿಂತು ಎರಡೆರಡು ಸಲ ಓದಿದರು. ಆ ಕಾನೂನು ಬಿದ್ದುಹೋಯಿತು.

ಹಾಗಾಗಿ ಮನೆಯಲ್ಲೇ ಓದಿಕೊಂಡು ಹೋಗಿ. ಸಿಟಿಜನ್ ಆದ ಮಾತ್ರಕ್ಕೆ ಮತದಾರರ ಪಟ್ಟಿಗೆ ಹೆಸರು ತಾನಾಗೇ ಸೇರಲ್ಲ, ಚುನಾವಣೆಗೆ 30 ದಿನ ಮುಂಚೆಯೇ ನೋಂದಾಯಿಸಬೇಕು. ಇನ್ನೊಂದು, ನಿಮ್ಮ ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿ. 2023ರಿಂದ ಒಹಾಯೋದಲ್ಲಿ ಮತಕ್ಕೆ ಫೋಟೋ ಇರೋ ಗುರುತಿನ ಚೀಟಿ ಬೇಕು, ಮತ್ತೆ ಸಿಟಿಜನ್ ಅಲ್ಲದವರ ಲೈಸೆನ್ಸ್ ಮೇಲೆ 'ನಾನ್‌ಸಿಟಿಜನ್' ಅಂತ ಅಚ್ಚಾಗಿರುತ್ತೆ. ನಿಮ್ಮದು ಹಳೇದಾಗಿದ್ದು ಹಾಗೆ ಅಚ್ಚಾಗಿದ್ದರೆ ಬೂತ್‌ನಲ್ಲಿ ಪೇಚಾಟ. ಬದಲಾಯಿಸಿಕೊಳ್ಳಿ, ಇಲ್ಲ ಅಮೆರಿಕದ ಪಾಸ್‌ಪೋರ್ಟ್ ತನ್ನಿ. ಬೆಳಗ್ಗೆ 6:30ರಿಂದ ಸಂಜೆ 7:30ರವರೆಗೆ ಬೂತ್ ತೆರೆದಿರುತ್ತೆ.

ಬಾಗಿಲಿಂದ 100 ಅಡಿ ದೂರದಲ್ಲಿ ನೆಲಕ್ಕೆ ಎರಡು ಪುಟ್ಟ ಬಾವುಟ ನೆಟ್ಟಿರ್ತಾರೆ. ಅದರ ಒಳಗೆ ಪ್ರಚಾರ ಇಲ್ಲ. ನಮ್ಮೂರಿನ ಡೋರಾ ಮತದ ದಿನ ಒಬ್ಬ ಹುಡುಗ ಕಾಫಿ ಕುಡೀತಾ ಬಂದ. ಲೋಟ ನೋಡಿದರೆ 'ಯೆಸ್' ಪಕ್ಷದವರು ಪ್ರಚಾರಕ್ಕೆ ಹಂಚಿದ್ದು! ಇದು ಕಾಫಿಯಾ ಪ್ರಚಾರವಾ ಅಂತ ನಾವು ನಾಲ್ಕು ಜನ ಗಂಭೀರವಾಗಿ ಚರ್ಚೆ ಮಾಡಿದೆವು. ಪಾಪ, ಅವನು ಹೊರಗೆ ಹೋಗಿ ಬಾವುಟದ ಆಚೆ ಲೋಟ ಇಟ್ಟು, ಮತ ಹಾಕಿ, ವಾಪಸ್ ಹೋಗಿ ತಣ್ಣಗಾದ ಕಾಫಿ ಕುಡಿದ.

ಯಾವುದಕ್ಕೆ ಹಾಕಲಿ ಅಂತ ಕೇಳಿದ್ದೀರಿ. ನಾನೇ ಈಗ ಮತ್ತೆ ಹಾಕೋದಾದರೆ? ಗಡಿ ಚಿಕ್ಕದಾಗಿದ್ದು, ಹತ್ತು ಗಂಟೆಗೆ ಮುಗಿದು, ಸ್ವಚ್ಛತೆಗೆ ಜನ ಎಷ್ಟು ಅಂತ ಸರಿಯಾಗಿ ಬರೆದಿದ್ದರೆ 'ಯೆಸ್' ಹಾಕ್ತೀನಿ. ಆ ಭಾಗ ಮೂರೇ ಸಾಲಿದ್ದರೆ 'ನೋ'. ನಿಮ್ಮೂರಿನದು ಎಷ್ಟು ಸಾಲಿದೆ ಅಂತ ನನಗೆ ಬರೆಯಿರಿ.

ಪ್ರಶ್ನೆ: ನಾನು ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ. ಒಹಾಯೋದಲ್ಲೇ ಹನ್ನೊಂದು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ. ರಾಷ್ಟ್ರದ ಚುನಾವಣೆ ಬೇಡ, ನಮ್ಮ ಬೀದಿಯ ಡೋರಾಗಾದರೂ ಮತ ಹಾಕಬಹುದಾ? ಮೊನ್ನೆ ರೈತರ ಸಂತೆಯಲ್ಲಿ ಒಬ್ಬರು ಕ್ಲಿಪ್‌ಬೋರ್ಡ್ ಹಿಡಿದು 'ಸಹಿಯಾದರೂ ಹಾಕಿ' ಅಂದರು.

ಉತ್ತರ: ಇಲ್ಲ. ಮತವೂ ಇಲ್ಲ, ಸಹಿಯೂ ಇಲ್ಲ. ಸಹಿ ಹಾಕಲಿಲ್ಲ ತಾನೇ? ಪಿಟಿಷನ್ನಿಗೆ ಸಹಿ ಹಾಕೋರು ನೋಂದಾಯಿತ ಮತದಾರರೇ ಆಗಿರಬೇಕು. ಕ್ಲಿಪ್‌ಬೋರ್ಡಿನವರಿಗೆ ಅವಸರ ಇರುತ್ತೆ. ಆರ್ಡಿನೆನ್ಸ್ ಪಾಸಾದ ಮೇಲೆ ಅವರಿಗೆ ಸಿಗೋದು 30 ದಿನ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಊರಲ್ಲಿ ಎಷ್ಟು ಜನ ಮತ ಹಾಕಿದ್ದರೋ ಅದರ ಶೇಕಡ 10ರಷ್ಟು ಸಹಿ ತರಬೇಕು. ತಮ್ಮದೇ ಚಾರ್ಟರ್, ಅಂದರೆ ಊರಿನ ಆಡಳಿತದ ಸ್ವಂತ ನಿಯಮಾವಳಿ, ಇರೋ ಊರುಗಳಲ್ಲಿ ಇದು ಬೇರೆ ಇರಬಹುದು. ಆ ಅವಸರದಲ್ಲಿ ನಿಮ್ಮ ವೀಸಾ ಯಾವುದು ಅಂತ ಅವರು ಕೇಳಲ್ಲ. ಆದರೆ ನಾಳೆ ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್ ಸಮಯದಲ್ಲಿ ಕೇಳೋರು ಕೇಳ್ತಾರೆ. ನಗುತ್ತಾ 'ನಾನು ಮತದಾರ ಅಲ್ಲ' ಅನ್ನಿ, ಟೊಮೆಟೊ ತಗೊಂಡು ಮನೆಗೆ ಹೋಗಿ.

ನಿಮ್ಮ ಸಂಕಟ ಹೊಸದಲ್ಲ. ಒಹಾಯೋದ ಯೆಲ್ಲೋ ಸ್ಪ್ರಿಂಗ್ಸ್ ಅನ್ನೋ ಹಳ್ಳಿಯವರು 2019ರಲ್ಲಿ ಮತ ಹಾಕಿ, ಸಿಟಿಜನ್ ಅಲ್ಲದವರಿಗೂ ಹಳ್ಳಿಯ ಚುನಾವಣೆಯಲ್ಲಿ ಮತ ಕೊಡೋಣ ಅಂತ ತೀರ್ಮಾನಿಸಿದ್ದರು. ಅದು ಜಾರಿಗೆ ಬರಲೇ ಇಲ್ಲ. 2022ರಲ್ಲಿ ಇಡೀ ರಾಜ್ಯದ ಮತದಾರರು ಸಂವಿಧಾನವನ್ನೇ ತಿದ್ದಿ, ಊರಿನ ಚುನಾವಣೆಗೂ ಸಿಟಿಜನ್‌ಗಳು ಮಾತ್ರ ಅಂತ ಮಾಡಿಬಿಟ್ಟರು. ನಿಮಗೆ ಉಳಿದಿರೋದು ಮೇಲೆ ಹೇಳಿದ ಆ ಮೂರು ನಿಮಿಷ. ಕೌನ್ಸಿಲ್‌ನಲ್ಲಿ ಮಾತಾಡೋಕೆ ಪಾಸ್‌ಪೋರ್ಟ್ ಕೇಳಲ್ಲ. ಹೆಸರು, ವಿಳಾಸ ಬರೆಸಿದರೆ ಸಾಕು.

ಒಂದು ಎಚ್ಚರಿಕೆ, ಕೇಳದೇ ಇದ್ದರೂ ಹೇಳ್ತೀನಿ. ಡೋರಾ ಬೀದಿಯಲ್ಲಿ ಎರಡು ಲೋಟ ಆದಮೇಲೆ ಕಾರು ಮುಟ್ಟಬೇಡಿ. ಗಡಿಯೊಳಗೆ ಕುಡಿದಿದ್ದು ಅನ್ನೋದು ಸ್ಟೀರಿಂಗ್ ಹಿಡಿದಾಗ ಲೆಕ್ಕಕ್ಕಿಲ್ಲ. ಒಹಾಯೋದಲ್ಲಿ ರಕ್ತದಲ್ಲಿರೋ ಮದ್ಯದ ಮಿತಿ ಶೇಕಡ 0.08. ವೀಸಾದವರಿಗೆ ದಂಡಕ್ಕಿಂತ ದೊಡ್ಡ ಏಟು ಬೇರೆ ಇದೆ: ಕುಡಿದು ಓಡಿಸಿ ಅರೆಸ್ಟ್ ಆದರೆ, ಕೇಸ್ ತೀರ್ಮಾನ ಆಗೋ ಮುಂಚೆಯೇ ಅಮೆರಿಕದ ಕಾನ್ಸುಲೇಟ್ ವೀಸಾ ರದ್ದು ಮಾಡಬಹುದು.

ಪ್ರಶ್ನೆ: ಮೇಡಂ, ಒಹಾಯೋದವರಿಗೆ ಎಲ್ಲದಕ್ಕೂ ಮತ ಯಾಕೆ? ನಮ್ಮ ವಾರ್ಡಿನಲ್ಲಿ ಒಂದು ಹೋಟೆಲ್‌ಗೆ ಭಾನುವಾರ ವೈನ್ ಮಾರೋಕೂ ಮತ ಹಾಕಿಸಿದರು!

ಉತ್ತರ: ಮದ್ಯದ ಬಗ್ಗೆ ಇಲ್ಲಿ ಒಂದೊಂದು ಬೂತಿನ ವ್ಯಾಪ್ತಿಯವರೂ ಬೇರೆಬೇರೆ ತೀರ್ಮಾನ ಮಾಡಬಹುದು. ತಮಾಷೆ ಏನು ಅಂದರೆ, ಊರೂರಿಗೆ ಮತ ಹಾಕಿಸಿ ಅಂತ ಹಠ ಹಿಡಿದು ಓಡಾಡಿದವರು ಮದ್ಯ ಬೇಡ ಅಂದವರು. ಹೆಂಗಸರು ಸಲೂನುಗಳ (ಕ್ಷೌರದಂಗಡಿ ಅಲ್ಲ, ಆಗಿನ ಬಾರುಗಳು) ಮುಂದೆ ಮಂಡಿಯೂರಿ ಪ್ರಾರ್ಥನೆ ಮಾಡಿದ ಚಳವಳಿ ಹಿಲ್ಸ್‌ಬರೋದಲ್ಲಿ ಶುರುವಾಗಿದ್ದು 1873ರ ಡಿಸೆಂಬರ್‌ನಲ್ಲಿ, ಇದೇ ಒಹಾಯೋ. ಮದ್ಯದ ವಿರುದ್ಧ ಹೋರಾಡಿದ ಆಂಟಿ-ಸಲೂನ್ ಲೀಗ್ ಅನ್ನೋ ಸಂಘ ಹುಟ್ಟಿದ್ದು 1893ರಲ್ಲಿ ಓಬರ್ಲಿನ್‌ನಲ್ಲಿ. 1909ರಲ್ಲಿ ಅದು ವೆಸ್ಟರ್‌ವಿಲ್‌ಗೆ ಬಂತು. ಆ ಊರಲ್ಲಿ 1875ರಲ್ಲಿ ಒಬ್ಬ ಸಲೂನ್ ತೆರೆದರೆ ಜನ ಸಿಡಿಮದ್ದಿಟ್ಟು ಹಾರಿಸಿದ್ದರು. ನಾಲ್ಕು ವರ್ಷ ಬಿಟ್ಟು ಅವನೇ ಮತ್ತೆ ತೆರೆದ, ಮತ್ತೆ ಹಾರಿಸಿದರು! ಅಲ್ಲಿಂದ ಹೊರಟ ಕರಪತ್ರಗಳು ದೇಶಕ್ಕೇ 1920ರಲ್ಲಿ ಪಾನನಿಷೇಧ ತಂದವು, 1933ರಲ್ಲಿ ಅದು ಹೋಯಿತು. ವೆಸ್ಟರ್‌ವಿಲ್‌ನ ಹಳೇ ಪೇಟೆಯಲ್ಲಿ ಮಾತ್ರ ಮತ್ತೆ ಕಾನೂನುಬದ್ಧವಾಗಿ ಬಿಯರ್ ಸಿಕ್ಕಿದ್ದು 2006ರಲ್ಲಿ. ಅಲ್ಲಿನ ಲೈಬ್ರರಿಯವರು ಲೀಗಿನ ಮ್ಯೂಸಿಯಂ ಇಟ್ಟುಕೊಂಡಿದ್ದಾರೆ, ಹೋಗಿ ಬನ್ನಿ.

ಪ್ರಶ್ನೆ: ಅಕ್ಕಾ, ನಮ್ಮ ಮಾವನವರು ಬಂದಿದ್ದಾರೆ. ವಯಸ್ಸು 68. ಡೋರಾ ಬೀದಿಯಲ್ಲಿ ಶನಿವಾರ ಸಂಜೆ ಒಂದು ಬಿಯರ್ ಕುಡೀತೀನಿ ಅಂತಾರೆ. ಟೂರಿಸ್ಟ್ ವೀಸಾದವರಿಗೆ ಕೊಡ್ತಾರಾ?

ಉತ್ತರ: ಕೊಡ್ತಾರೆ. ಆದರೆ ತಲೆ ಬೆಳ್ಳಗಿದೆ, ಕೇಳಲ್ಲ ಅಂದ್ಕೋಬೇಡಿ. ಕೆಲವು ಕಡೆ ಎಲ್ಲರ ಐಡಿಯನ್ನೂ ನೋಡ್ತಾರೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಅತ್ತೆಯವರೂ ಜೊತೆಗೆ ಬರೋದಾದರೆ ಆ ಬೋರ್ಡಿನ ಅರ್ಥ ಮನೆಯಲ್ಲೇ ಹೇಳಿ ಕರ್ಕೊಂಡು ಹೋಗಿ. ನಮ್ಮತ್ತೆ ಅವತ್ತು ಬೆಂಚಿನ ಮೇಲೆ ಕಾಲು ಗಂಟೆ ಕಾಫಿಗೆ ಕಾದರು.